ಸೆಮಿ ಪ್ರೊಫೆಷನಲ್ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಇತಿಹಾಸ ಬರೆಯುವುದು ಹೇಗೆ

ಕ್ಲಬ್ಬಿನ ಇತಿಹಾಸ ಬರೆಯೋಣ ಅಂತ ಕೂತವರು ಮೊದಲು ಕಪ್‌ಗಳ ಪಟ್ಟಿ ಮಾಡುತ್ತಾರೆ. ಯಾವ ವರ್ಷ ಗೆದ್ದರು, ಫೈನಲ್‌ನಲ್ಲಿ ಯಾರನ್ನು ಸೋಲಿಸಿದರು, ಕ್ಯಾಪ್ಟನ್ ಯಾರು. ಆ ಪಟ್ಟಿ ಬೇಕು. ಆದರೆ ಅದು ಎರಡು ಪುಟಕ್ಕೆ ಮುಗಿದುಹೋಗುತ್ತದೆ. ಸೆಮಿ ಪ್ರೊಫೆಷನಲ್ ಕ್ಲಬ್ ಅಂದರೆ ಏನು ಅಂತ ಯೋಚಿಸಿ ನೋಡಿ: ಆಟಗಾರರು ಹಗಲು ಬೇರೆ ಕೆಲಸ ಮಾಡುತ್ತಾರೆ, ಸಂಜೆ ಪ್ರಾಕ್ಟೀಸಿಗೆ ಬರುತ್ತಾರೆ, ಪಂದ್ಯಕ್ಕೆ ಇಷ್ಟು ಅಂತ ಸ್ವಲ್ಪ ದುಡ್ಡು ಕೈಗೆ ಬರುತ್ತದೆ, ಅದರಿಂದ ಮನೆ ನಡೆಯೋದಿಲ್ಲ, ಹಾಗಿದ್ದೂ ತಂಡ ಪ್ರತಿ ಸೀಸನ್ ಕೋರ್ಟಿಗೆ ಇಳಿಯುತ್ತದೆ. ಅದು ಹೇಗೆ ಇಳಿಯಿತು ಅನ್ನೋದೇ ನೀವು ಬರೆಯಬೇಕಾದ ಕಥೆ. ಯಾರ ದುಡ್ಡು, ಯಾರ ರಜೆ, ಯಾರ ಗಾಡಿ, ಯಾರ ಕೋರ್ಟ್. ಇಷ್ಟು ಸಿಕ್ಕರೆ ಕಪ್‌ಗಳಿಗೂ ಅರ್ಥ ಬರುತ್ತದೆ.

ಹೀಗೆ ನೋಡಿದರೆ ಏನೇನು ಕಾಣುತ್ತದೆ ಅನ್ನೋದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಅಮೆರಿಕದಲ್ಲಿ 1946ರ ಏಪ್ರಿಲ್‌ನಲ್ಲಿ ಈಸ್ಟರ್ನ್ ಪೆನ್ಸಿಲ್ವೇನಿಯಾ ಬ್ಯಾಸ್ಕೆಟ್‌ಬಾಲ್ ಲೀಗ್ ಶುರುವಾಯಿತು. ಮುಂದೆ ಎನ್‌ಬಿಎ, ಅಂದರೆ ಅಮೆರಿಕದ ಅತಿ ದೊಡ್ಡ ವೃತ್ತಿಪರ ಲೀಗ್, ಆದ ಲೀಗ್ ಹುಟ್ಟಿದ್ದು ಇದಾದ ಸುಮಾರು ಒಂದೂವರೆ ತಿಂಗಳಿಗೆ. ವಿಲ್ಕ್ಸ್-ಬ್ಯಾರಿ, ಹೇಜಲ್ಟನ್ ಥರದ ಕಲ್ಲಿದ್ದಲು ಪ್ರದೇಶದ ಊರುಗಳ ತಂಡಗಳು ಅದರಲ್ಲಿ ಆಡುತ್ತಿದ್ದವು. ಪಂದ್ಯಗಳು ಹೆಚ್ಚಾಗಿ ವಾರಾಂತ್ಯದಲ್ಲೇ, ಯಾಕೆಂದರೆ ಸೋಮವಾರ ಬೆಳಿಗ್ಗೆ ಆಟಗಾರರು ಕೆಲಸಕ್ಕೆ ಹೋಗಬೇಕಿತ್ತು. ಎನ್‌ಬಿಎಯಲ್ಲಿ ಕಪ್ಪು ಆಟಗಾರರಿಗೆ ಬೆರಳೆಣಿಕೆಯಷ್ಟು ಜಾಗ ಇದ್ದ ಕಾಲದಲ್ಲಿ ಎಷ್ಟೋ ಒಳ್ಳೆಯ ಆಟಗಾರರು ಇಲ್ಲಿ ಬಂದು ಆಡಿದರು. ಬರೀ ಚಾಂಪಿಯನ್‌ಗಳ ಪಟ್ಟಿ ನೋಡಿದರೆ ಇದ್ಯಾವುದೂ ಗೊತ್ತಾಗೋದಿಲ್ಲ.

ಇನ್ನೊಂದು, ಓಕ್ಲಹೋಮಾದ ಬಾರ್ಟಲ್ಸ್‌ವಿಲ್‌ನ ಫಿಲಿಪ್ಸ್ 66ರ್ಸ್. ಇದು ಪೆಟ್ರೋಲ್ ಕಂಪನಿಯ ತಂಡ. ಆಟಗಾರರಿಗೆ ಕಂಪನಿಯಲ್ಲಿ ಕೆಲಸ, ಸಂಬಳ ಆ ಕೆಲಸಕ್ಕೆ, ಕಾಗದದ ಮೇಲೆ ಎಲ್ಲರೂ ಹವ್ಯಾಸಿಗಳು. ಏಳಡಿ ಎತ್ತರದ ಬಾಬ್ ಕರ್ಲಂಡ್ ವೃತ್ತಿಪರ ಲೀಗ್‌ಗೆ ಹೋಗದೆ ಇಲ್ಲಿಗೆ ಬಂದರು, 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು, ಆಟ ಮುಗಿದ ಮೇಲೆ ಅದೇ ಕಂಪನಿಯಲ್ಲಿ ಮುಂದುವರಿದರು. ಅವರಿಗೆ ಆಟಕ್ಕೆ ದುಡ್ಡು ಸಿಕ್ಕಿತಾ, ಇಲ್ಲವಾ? ನೇರ ಉತ್ತರ ಇಲ್ಲ ಅಲ್ವಾ. ನಿಮ್ಮ ಕ್ಲಬ್ಬಿನ ಕಥೆಯಲ್ಲೂ ಇಂಥ ಒಂದು ಪ್ರಶ್ನೆ ಇದ್ದೇ ಇರುತ್ತದೆ, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಹುಟ್ಟಿದ ವರ್ಷದ ಜಗಳ

ಈ ಆಟಕ್ಕೆ ಹುಟ್ಟಿದ ತಿಂಗಳು ಗೊತ್ತಿದೆ, ಜಾಗ ಗೊತ್ತಿದೆ. 1891ರ ಡಿಸೆಂಬರ್, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್, ಕಂಡುಹಿಡಿದವರು ಜೇಮ್ಸ್ ನೈಸ್ಮಿತ್. ಅವರ 13 ನಿಯಮಗಳನ್ನು ಟೈಪ್ ಮಾಡಿದ ಎರಡು ಹಾಳೆ ಕೂಡ ಉಳಿದಿದೆ, 2010ರಲ್ಲಿ ಅವು 43 ಲಕ್ಷ ಡಾಲರ್‌ಗೂ ಜಾಸ್ತಿ ಬೆಲೆಗೆ ಹರಾಜಾದವು. ಇಷ್ಟು ಅದೃಷ್ಟ ಕ್ಲಬ್‌ಗಳಿಗೆ ಇರೋದಿಲ್ಲ. ಒಂದು ಕ್ಲಬ್ಬಿಗೆ ಸಾಮಾನ್ಯವಾಗಿ ನಾಲ್ಕೈದು ಹುಟ್ಟುದಿನ ಇರುತ್ತವೆ: ಗೆಳೆಯರು ಸೇರಿ ಮೊದಲ ಪಂದ್ಯ ಆಡಿದ ದಿನ, ಹೆಸರು ಇಟ್ಟ ದಿನ, ಸಂಘ ನೋಂದಣಿಯಾದ ದಿನ, ಲೀಗ್‌ಗೆ ಸೇರಿದ ದಿನ, ಆಟಗಾರರಿಗೆ ಮೊದಲ ಸಲ ದುಡ್ಡು ಕೊಟ್ಟ ದಿನ. ಹಳಬರು ಒಬ್ಬೊಬ್ಬರು ಒಂದೊಂದು ವರ್ಷ ಹೇಳುತ್ತಾರೆ. ಎಲ್ಲರೂ ಸರಿಯೇ ಇರಬಹುದು.

ಸ್ವತಃ ಎನ್‌ಬಿಎ ತನ್ನ ವಯಸ್ಸನ್ನು 1946ರಿಂದ ಎಣಿಸುತ್ತದೆ. ಆದರೆ ಆ ಹೆಸರು ಬಂದದ್ದು 1949ರಲ್ಲಿ, ಬಿಎಎ ಮತ್ತು ಎನ್‌ಬಿಎಲ್ ಅನ್ನುವ ಎರಡು ಲೀಗ್‌ಗಳು ಒಂದಾದಾಗ. ಅದರಲ್ಲಿ ಎನ್‌ಬಿಎಲ್ ಹಳೆಯದು, 1937ರದ್ದು. ಆದರೂ ಎಣಿಕೆ ಬಿಎಎಯಿಂದಲೇ. ಅಂದರೆ ಹುಟ್ಟಿದ ವರ್ಷ ಅನ್ನೋದು ಯಾರೋ ಕೂತು ಮಾಡಿದ ತೀರ್ಮಾನ. ನೀವು ಮಾಡಬೇಕಾದ್ದು ಇಷ್ಟೆ: ಸಿಕ್ಕ ದಿನಾಂಕಗಳನ್ನೆಲ್ಲ ಬರೆಯಿರಿ, ಪ್ರತಿಯೊಂದಕ್ಕೂ ಆಧಾರ ಏನು ಅಂತ ಪಕ್ಕದಲ್ಲಿ ಹಾಕಿ, ಆಮೇಲೆ ಯಾವುದನ್ನು ಆರಿಸಿದ್ದೀರಿ, ಯಾಕೆ ಅಂತ ಪುಸ್ತಕದಲ್ಲೇ ಹೇಳಿ. ವಾರ್ಷಿಕೋತ್ಸವ ಹತ್ತಿರ ಇದೆ ಅಂತ ವರ್ಷ ಹಿಂದೆ ತಳ್ಳಬೇಡಿ, ದಯವಿಟ್ಟು. ಮುಂದೆ ಓದುವವರು ಅದನ್ನೇ ನಂಬುತ್ತಾರೆ.

ಹೆಸರನ್ನೂ ಕಣ್ಣುಮುಚ್ಚಿ ನಂಬಬೇಡಿ. ಅಮೆರಿಕದ ಹೆಸರಾಂತ ತಂಡ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಹುಟ್ಟಿದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಅಲ್ಲ, 1920ರ ದಶಕದ ಶಿಕಾಗೋದಲ್ಲಿ. ಸ್ಪಾನ್ಸರ್ ಬದಲಾದಾಗಲೆಲ್ಲ ಹೆಸರು ಬದಲಾಗುವ ಕ್ಲಬ್‌ಗಳಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ಯಾವ ಸೀಸನ್‌ನಲ್ಲಿ ಯಾವ ಹೆಸರು ಅಂತ ಒಂದು ಹಾಳೆ ಮೊದಲೇ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಹಳೆಯ ಪತ್ರಿಕೆಗಳಲ್ಲಿ ನಿಮ್ಮದೇ ತಂಡದ ಸುದ್ದಿ ಕಣ್ಣೆದುರಿಗಿದ್ದರೂ ಗುರುತು ಹತ್ತೋದಿಲ್ಲ.

ಸ್ಕೋರ್‌ಶೀಟ್ ಓದಲು ಕಲಿಯಿರಿ

ಕ್ಲಬ್ಬಿನ ಬೀರುವಿನಲ್ಲಿ ಸಿಗುವ ಅತ್ಯಂತ ಬೆಲೆಬಾಳುವ ವಸ್ತು ಸ್ಕೋರ್‌ಶೀಟ್. ಕಪ್ ಅಲ್ಲ, ಫೋಟೋನೂ ಅಲ್ಲ. ಅದನ್ನು ಪಂದ್ಯ ನಡೆಯುತ್ತಿದ್ದಾಗಲೇ, ಯಾವ ತಂಡಕ್ಕೂ ಸೇರದ ಕೈ ಬರೆದಿರುತ್ತದೆ, ಕೊನೆಗೆ ರೆಫರಿ ಸಹಿ ಇರುತ್ತದೆ.

ಫಿಬಾ ಅಂದರೆ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ. ಅದರ ಅಧಿಕೃತ ಸ್ಕೋರ್‌ಶೀಟ್ ಒಂದು ಮೂಲ ಹಾಳೆ, ಮೂರು ನಕಲು. ಬಿಳಿ ಮತ್ತು ನೀಲಿ ಪಂದ್ಯಾವಳಿ ನಡೆಸುವವರಿಗೆ, ಗುಲಾಬಿ ಗೆದ್ದ ತಂಡಕ್ಕೆ, ಹಳದಿ ಸೋತ ತಂಡಕ್ಕೆ. ಈ ಪದ್ಧತಿಯಲ್ಲಿ ಬರೆದ ಹಾಳೆಗಳಾದರೆ ಬೀರು ತೆಗೆದು ಬಣ್ಣ ನೋಡಿದರೆ ಸಾಕು, ಗೆಲುವು ಸೋಲು ಬೇರೆಯಾಗುತ್ತದೆ. ಹಳದಿ ಹಾಳೆಗಳೇ ಇಲ್ಲ ಅಂದರೆ ಯಾರೋ ಸೋಲಿನ ಕಾಗದ ಬಿಸಾಡಿದ್ದಾರೆ ಅಂತ ಅನುಮಾನ ಪಡಬೇಕು. ಆದರೆ ಆ ಪಂದ್ಯಗಳು ಪೂರ್ತಿ ಕಳೆದುಹೋಗಿಲ್ಲ. ಎದುರಾಳಿ ಕ್ಲಬ್ಬಿನ ಹತ್ತಿರ ಅದೇ ಪಂದ್ಯದ ಗುಲಾಬಿ ಹಾಳೆ ಇರಬಹುದು. ಹಾಗಾಗಿ ಹಳೆಯ ಎದುರಾಳಿಗಳಿಗೆ ಬರೆದು ಕೇಳಿ. ನಿಮ್ಮ ಹತ್ತಿರ ಇರುವ ಅವರ ಪಂದ್ಯಗಳ ಸ್ಕ್ಯಾನ್ ಮೊದಲು ನೀವೇ ಕಳಿಸಿದರೆ ಉತ್ತರ ಬೇಗ ಬರುತ್ತದೆ.

ಒಳಗಿನ ಗುರುತುಗಳು ಹೀಗಿರುತ್ತವೆ. ಕೋರ್ಟಿನಿಂದ ಹಾಕಿದ ಬುಟ್ಟಿಗೆ ಅಂಕದ ಮೇಲೆ ಓರೆ ಗೆರೆ, ಫೌಲ್ ಆದಾಗ ಸಿಗುವ ಫ್ರೀ ಥ್ರೋಗೆ ತುಂಬಿದ ಚುಕ್ಕೆ, ದೂರದ ಗೆರೆಯ ಹೊರಗಿಂದ ಹಾಕಿದ ಮೂರು ಅಂಕದ ಬುಟ್ಟಿಯಾದರೆ ಆಟಗಾರನ ನಂಬರಿಗೆ ಸುತ್ತು. ಮೊದಲ ಮತ್ತು ಮೂರನೇ ಕ್ವಾರ್ಟರ್ (ಪಂದ್ಯದ ಕಾಲು ಭಾಗ) ಕೆಂಪು ಪೆನ್ನಲ್ಲಿ, ಎರಡು ಮತ್ತು ನಾಲ್ಕು ನೀಲಿ ಅಥವಾ ಕಪ್ಪು ಪೆನ್ನಲ್ಲಿ. ಇಷ್ಟು ಗೊತ್ತಿದ್ದರೆ ಒಂದು ಹಾಳೆಯಿಂದ ಇಡೀ ಪಂದ್ಯದ ಏರಿಳಿತ ಓದಬಹುದು. ಯಾವ ಹಂತದಲ್ಲಿ ಹಿಂದೆ ಬಿದ್ದರು, ಯಾರು ಐದು ಫೌಲ್ ಆಗಿ ಹೊರಗೆ ಹೋದ ಮೇಲೆ ಆಟ ಕೈಬಿಟ್ಟಿತು, ಎಲ್ಲ. ನನಗೆ ಈ ಕೆಲಸದಲ್ಲಿ ಅತಿ ಇಷ್ಟದ ಭಾಗ ಇದೇ.

ದಿನಾಂಕ ಇಲ್ಲದ ಹಾಳೆ ಸಿಕ್ಕರೆ ನಿಯಮಗಳ ಸಹಾಯ ತೆಗೆದುಕೊಳ್ಳಿ. ಫಿಬಾ ನಿಯಮದಲ್ಲಿ ಮೂರು ಅಂಕದ ಗೆರೆ ಬಂದದ್ದು 1984ರಲ್ಲಿ. ಪಂದ್ಯ 20 ನಿಮಿಷದ ಎರಡು ಅರ್ಧಗಳಾಗಿ ನಡೆಯುತ್ತಿದ್ದುದು 2000ದಲ್ಲಿ 10 ನಿಮಿಷದ ನಾಲ್ಕು ಕ್ವಾರ್ಟರ್ ಆಯಿತು. ಹಾಗಾದರೆ ಎರಡೇ ಅರ್ಧ ಇದ್ದು, ನಂಬರಿಗೆ ಸುತ್ತು ಹಾಕಿದ ಹಾಳೆ ಎಲ್ಲಿಯದು? ಹೆಚ್ಚುಕಡಿಮೆ 1984 ಮತ್ತು 2000ದ ಮಧ್ಯದ್ದು. ಅಮೆರಿಕದ ಕ್ಲಬ್ ಆದರೆ ಈ ಲೆಕ್ಕ ನಡೆಯೋದಿಲ್ಲ, ಅಲ್ಲಿ ಪ್ರತಿ ಲೀಗ್‌ಗೂ ಅದರದ್ದೇ ನಿಯಮ. ಮೂರು ಅಂಕದ ಗೆರೆಯನ್ನು ಎಬಿಎ ಅನ್ನುವ ಇನ್ನೊಂದು ಲೀಗ್ 1967ರಿಂದಲೇ ಬಳಸಿತು, ಎನ್‌ಬಿಎ 1979ರಲ್ಲಿ ಒಪ್ಪಿಕೊಂಡಿತು.

ಫೋಟೋಗಳಿಗೂ ಇದೇ ಉಪಾಯ. ಬುಟ್ಟಿಯ ಕೆಳಗಿನ ಬಣ್ಣ ಬಳಿದ ಜಾಗ, ಆಟಗಾರರು ಪೇಂಟ್ ಅನ್ನುತ್ತಾರಲ್ಲ ಅದು, ಫಿಬಾ ಕೋರ್ಟುಗಳಲ್ಲಿ 2010ರ ತನಕ ಬೇಸ್‌ಲೈನ್ (ಬುಟ್ಟಿಯ ಹಿಂದಿನ ಕೊನೆಯ ಗೆರೆ) ಕಡೆ ಅಗಲವಾಗಿ, ಫ್ರೀ ಥ್ರೋ ಗೆರೆ ಕಡೆ ಕಿರಿದಾಗಿ ಇರುತ್ತಿತ್ತು. ಆಮೇಲೆ ಆಯತ ಆಯಿತು. ಅದೇ ಬದಲಾವಣೆಯಲ್ಲಿ ಮೂರು ಅಂಕದ ಗೆರೆ 6.25 ಮೀಟರಿನಿಂದ 6.75ಕ್ಕೆ ಹಿಂದೆ ಸರಿಯಿತು. ಜರ್ಸಿಯಲ್ಲಿ ಎಲ್ಲರದೂ 4ರಿಂದ 15ರ ಒಳಗಿನ ನಂಬರ್ ಆಗಿದ್ದರೆ ಅದೂ ಹಳೆಯ ಫಿಬಾ ಪದ್ಧತಿಯ ಗುರುತು. ಆದರೆ ಒಂದು ಎಚ್ಚರ. ನಿಯಮ ಬದಲಾದ ಕೂಡಲೇ ಎಲ್ಲ ಕಡೆ ಕೋರ್ಟ್ ಬಣ್ಣ ಬದಲಾಗೋದಿಲ್ಲ, ದುಡ್ಡಿಲ್ಲದ ಕಡೆ ಹಳೆಯ ಗೆರೆಗಳೇ ವರ್ಷಗಟ್ಟಲೆ ಉಳಿಯುತ್ತವೆ. ಆಯತದ ಪೇಂಟ್ ಕಂಡರೆ ಫೋಟೋ ಹೊಸದು ಅನ್ನಬಹುದು, ಹಳೆಯ ಆಕಾರ ಕಂಡರೆ ಹಳೆಯದೇ ಅಂತ ಆಣೆ ಮಾಡಲು ಆಗೋದಿಲ್ಲ.

ಪತ್ರಿಕೆ, ಲೀಗ್ ಕಚೇರಿಯ ಫೈಲ್, ಬ್ಯಾಂಕ್ ಪಾಸ್‌ಬುಕ್, ಹಾಲ್ ಬಾಡಿಗೆಯ ರಸೀದಿ, ಇವನ್ನೆಲ್ಲ ಹುಡುಕುವುದು ಮಾಮೂಲಿ ಕೆಲಸ, ತಾಳ್ಮೆ ಸಾಕು. ಪತ್ರಿಕೆಯ ಅಂಕ ಮತ್ತು ಸ್ಕೋರ್‌ಶೀಟಿನ ಅಂಕ ಬೇರೆಯಾದರೆ ಸಾಮಾನ್ಯವಾಗಿ ಸ್ಕೋರ್‌ಶೀಟ್ ಕಡೆ ನಿಲ್ಲಿ. ರಸೀದಿಗಳನ್ನು ಮಾತ್ರ ಕಡೆಗಣಿಸಬೇಡಿ. ತಂಡ ಯಾವ ತಿಂಗಳು ಹಾಲ್ ಬಾಡಿಗೆ ಕಟ್ಟಲಾಗದೆ ನಿಂತಿತು ಅನ್ನೋದು ಅಲ್ಲೇ ಸಿಗುತ್ತದೆ.

ಅಭಿಮಾನಿಗಳ ಮನೆಯಲ್ಲೂ ಕೇಳಿ. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಎನ್‌ಬಿಎ ಆಟಗಾರ ವಿಲ್ಟ್ ಚೇಂಬರ್ಲಿನ್ ಒಂದೇ ಪಂದ್ಯದಲ್ಲಿ 100 ಅಂಕ ಹಾಕಿದರು. ಅಷ್ಟು ದೊಡ್ಡ ಪಂದ್ಯದ ವಿಡಿಯೋ ಇಲ್ಲ. ನಾಲ್ಕನೇ ಕ್ವಾರ್ಟರಿನ ರೇಡಿಯೋ ಕಾಮೆಂಟರಿ ಇವತ್ತು ಕೇಳಲು ಸಿಗುತ್ತದೆ ಅಂದರೆ ಕೇಳುಗನೊಬ್ಬ ತನ್ನ ಟೇಪಿನಲ್ಲಿ ಅದನ್ನು ಹಿಡಿದಿಟ್ಟಿದ್ದೇ ಕಾರಣ. ವೃತ್ತಿಪರ ಲೀಗ್‌ನ ಕಥೆಯೇ ಹೀಗಿದ್ದ ಮೇಲೆ ನಿಮ್ಮ ಕ್ಲಬ್ಬಿನ ದಾಖಲೆ ಕ್ಲಬ್ಬಿನ ಕಚೇರಿಯಲ್ಲೇ ಇರಬೇಕು ಅಂತ ಏನೂ ಇಲ್ಲ. ಹಳೆಯ ಆಟಗಾರರ ತಾಯಂದಿರು ಅಂಟಿಸಿಟ್ಟ ಪೇಪರ್ ಕಟಿಂಗ್‌ಗಳ ಪುಸ್ತಕ ಎಷ್ಟೋ ಸಲ ಕ್ಲಬ್ಬಿನ ಫೈಲಿಗಿಂತ ಪೂರ್ತಿಯಾಗಿರುತ್ತದೆ.

ಜನರನ್ನು ಮಾತಾಡಿಸುವಾಗ

ಮೊದಲು ಅತಿ ಹಿರಿಯರ ಮನೆಗೆ ಹೋಗಿ. ಕಾಗದ ಇನ್ನೂ ಸ್ವಲ್ಪ ಕಾಯುತ್ತದೆ, ಅವರು ಕಾಯೋದಿಲ್ಲ. ಬರಿಗೈಯಲ್ಲಿ ಹೋಗಬೇಡಿ, ಒಂದು ಗುಂಪು ಫೋಟೋ ಅಥವಾ ಸ್ಕೋರ್‌ಶೀಟಿನ ನಕಲು ಮುಂದಿಟ್ಟರೆ ಮಾತು ತಾನಾಗಿ ಹೊರಡುತ್ತದೆ. ‘ಆಗ ನಿಮಗೆ ಹೇಗನ್ನಿಸಿತು ಸರ್’ ಅಂತ ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ, ತುಂಬಾ ಖುಷಿ ಆಯಿತು ಅಂತ. ಅದರ ಬದಲು ಚಿಕ್ಕ ಚಿಕ್ಕ ವಿಷಯ ಕೇಳಿ. ಬೇರೆ ಊರಿನ ಪಂದ್ಯಕ್ಕೆ ಯಾವ ಗಾಡಿಯಲ್ಲಿ ಹೋಗುತ್ತಿದ್ದಿರಿ? ಪೆಟ್ರೋಲ್ ಯಾರು ಹಾಕಿಸುತ್ತಿದ್ದರು? ಮರುದಿನ ಕೆಲಸಕ್ಕೆ ಎಷ್ಟು ಗಂಟೆಗೆ? ಜರ್ಸಿ ತೊಳೆಯುತ್ತಿದ್ದವರು ಯಾರು? ಗಾಯ ಆದಾಗ ಆಸ್ಪತ್ರೆ ಖರ್ಚು ಯಾರ ಜೇಬಿಂದ? ನಿಮ್ಮ ಮೇಲಧಿಕಾರಿಗೆ ನೀವು ಆಡುವುದು ಗೊತ್ತಿತ್ತಾ?

ದುಡ್ಡಿನ ಪ್ರಶ್ನೆ ಸೂಕ್ಷ್ಮ. ಒಲಿಂಪಿಕ್ಸ್‌ನಂಥ ಕೂಟಗಳಿಗೆ ಫಿಬಾ ಎನ್‌ಬಿಎ ಆಟಗಾರರಿಗೂ ಬಾಗಿಲು ತೆರೆದದ್ದು 1989ರಲ್ಲಿ. ಅದಕ್ಕಿಂತ ಹಿಂದೆ, ಆಟಕ್ಕೆ ದುಡ್ಡು ತೆಗೆದುಕೊಂಡೆ ಅಂತ ಒಪ್ಪಿಕೊಂಡರೆ ಹವ್ಯಾಸಿ ಪಟ್ಟ ಹೋಗುವ ಭಯ ಇತ್ತು. ಹಾಗಾಗಿ ಹಳೆಯ ಲೆಕ್ಕಪುಸ್ತಕದಲ್ಲಿ ಸಂಬಳ ಅನ್ನುವ ಪದವೇ ಇರದಿದ್ದರೆ ದುಡ್ಡೇ ಕೊಟ್ಟಿಲ್ಲ ಅಂತ ತೀರ್ಮಾನಿಸಬೇಡಿ. ಪ್ರಯಾಣ ಖರ್ಚು, ಊಟದ ಖರ್ಚು, ಶೂ ಖರ್ಚು ಅನ್ನುವ ಸಾಲುಗಳು ಎಲ್ಲರಿಗೂ ಸಮ ಇವೆಯಾ, ಅಥವಾ ಚೆನ್ನಾಗಿ ಆಡುವ ಇಬ್ಬರಿಗೆ ಮಾತ್ರ ಜಾಸ್ತಿ ಇವೆಯಾ ಅಂತ ನೋಡಿ. ಆಮೇಲೆ ಆ ವ್ಯಕ್ತಿಯನ್ನೇ ಕೇಳಿ, ಅವರು ಬೇಡ ಅಂದರೆ ಹೆಸರು ಹಾಕಬೇಡಿ. ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳಿ, ಬರೆದ ಮೇಲೆ ಅವರ ಭಾಗ ಓದಲು ಕೊಡಿ.

ಬರೀ ಸ್ಟಾರ್ ಆಟಗಾರರನ್ನು ಮಾತಾಡಿಸಿದರೆ ಪುಸ್ತಕ ಬಡವಾಗುತ್ತದೆ. ಬೆಂಚಿನ ಹನ್ನೆರಡನೆಯವರು ಎಲ್ಲ ಪಂದ್ಯ ಕೂತು ನೋಡಿರುತ್ತಾರೆ. ಟೇಬಲ್‌ನಲ್ಲಿ ಸ್ಕೋರ್ ಬರೆದವರು, ಗಾಡಿ ಓಡಿಸಿದವರು, ಖಜಾಂಚಿ, ಹಾಲ್‌ನ ಬೀಗದ ಕೈ ಇಟ್ಟುಕೊಂಡಿದ್ದವರು, ಇವರ ಹತ್ತಿರ ಇರುವುದು ಬೇರೆ ಯಾರ ಹತ್ತಿರವೂ ಇರೋದಿಲ್ಲ.

ಹಾಗೇ ಮಹಿಳಾ ತಂಡ. ಕ್ಲಬ್ಬಿಗೆ ಒಂದು ಮಹಿಳಾ ತಂಡ ಇದ್ದರೂ ಇತಿಹಾಸದಲ್ಲಿ ಅದಕ್ಕೆ ಕೊನೆಯ ಅರ್ಧ ಪುಟ ಕೊಡುವ ಕೆಟ್ಟ ರೂಢಿ ಇದೆ. ಕೆನಡಾದ ಎಡ್ಮಂಟನ್ ಗ್ರ್ಯಾಡ್ಸ್ ನೆನಪಿಟ್ಟುಕೊಳ್ಳಿ. ಒಂದು ಹೈಸ್ಕೂಲಿನಿಂದ ಓದು ಮುಗಿಸಿ ಹೊರಬಂದ ಹುಡುಗಿಯರು ಆಟ ಬಿಡಲು ಮನಸ್ಸಿಲ್ಲದೆ ಕಟ್ಟಿಕೊಂಡ ತಂಡ, ಕೋಚ್ ಪರ್ಸಿ ಪೇಜ್, 1915ರಿಂದ 1940ರ ತನಕ ಆಡಿತು. ಆಟಗಾರ್ತಿಯರು ಕಚೇರಿಗಳಲ್ಲಿ, ಶಾಲೆಗಳಲ್ಲಿ ಕೆಲಸ ಮಾಡುತ್ತಾ ಸಂಜೆ ಅಭ್ಯಾಸ ಮಾಡುತ್ತಿದ್ದರು. ಆಡಿದ ಪಂದ್ಯಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಗೆದ್ದರು. ನಿಮ್ಮ ಪುಸ್ತಕದಲ್ಲಿ ಎರಡೂ ತಂಡ ಒಂದೇ ಅಧ್ಯಾಯದಲ್ಲಿ, ಒಂದೇ ಕಾಲದ ಕಥೆಯಾಗಿ ಬರಲಿ. ಹಾಲ್ ಯಾವ ತಂಡಕ್ಕೆ ಎಷ್ಟು ಗಂಟೆಗೆ ಸಿಗುತ್ತಿತ್ತು ಅಂತ ಹೋಲಿಸಿ ನೋಡಿದರೂ ಸಾಕು, ಬಹಳ ತಿಳಿಯುತ್ತದೆ.

ಅಂಕಿಗಳಲ್ಲಿ ಜಾರಿ ಬೀಳುವ ಜಾಗ

‘ಕ್ಲಬ್ಬಿನ ಸಾರ್ವಕಾಲಿಕ ಶ್ರೇಷ್ಠ’ ಅನ್ನುವ ಪಟ್ಟಿ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಿ, ಆದರೆ ಕಾಲ ಬೇರೆ ಮಾಡಿ. 1950ರ ನವೆಂಬರ್ 22ರಂದು ಫೋರ್ಟ್ ವೇಯ್ನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 19-18ರಿಂದ ಸೋಲಿಸಿತು. ಇದು ಒಂದು ಕ್ವಾರ್ಟರಿನ ಅಂಕ ಅಲ್ಲ, ಇಡೀ ಪಂದ್ಯದ್ದು. ಮುಂದೆ ಹೋದವರು ಚೆಂಡು ಹಿಡಿದು ಸುಮ್ನೆ ನಿಂತರೂ ತಡೆಯುವ ನಿಯಮ ಆಗ ಇರಲಿಲ್ಲ. 1954ರಲ್ಲಿ 24 ಸೆಕೆಂಡಿನ ಶಾಟ್ ಕ್ಲಾಕ್, ಅಂದರೆ ಅಷ್ಟರೊಳಗೆ ಬುಟ್ಟಿಗೆ ಎಸೆಯಲೇಬೇಕು ಅನ್ನುವ ನಿಯಮ, ಬಂದ ಮೇಲೆ ಎನ್‌ಬಿಎ ಅಂಕಗಳು ಏರಿದವು. ಫಿಬಾ 1956ರಲ್ಲಿ 30 ಸೆಕೆಂಡು ಇಟ್ಟಿತು, ಅದನ್ನು 24ಕ್ಕೆ ಇಳಿಸಿದ್ದು 2000ದಲ್ಲಿ. ಹಾಗಾಗಿ ಹಳೆಯ ಆಟಗಾರನ 12 ಅಂಕವನ್ನೂ ಈಗಿನವರ 22 ಅಂಕವನ್ನೂ ಒಂದೇ ಸಾಲಿನಲ್ಲಿಟ್ಟರೆ ಹಳಬರಿಗೆ ಅನ್ಯಾಯ.

ಬರೆದಿಡದ ಅಂಕಿಯನ್ನು ಊಹಿಸಿ ತುಂಬಬೇಡಿ. ಎನ್‌ಬಿಎ ಬ್ಲಾಕ್ (ಎದುರಾಳಿಯ ಶಾಟ್ ತಡೆಯುವುದು) ಮತ್ತು ಸ್ಟೀಲ್ (ಚೆಂಡು ಕಸಿಯುವುದು) ಲೆಕ್ಕ ಇಡಲು ಶುರು ಮಾಡಿದ್ದು 1973-74ರ ಸೀಸನ್‌ನಲ್ಲಿ. ಬಿಲ್ ರಸೆಲ್ 1969ರಲ್ಲೇ ಆಟ ನಿಲ್ಲಿಸಿದ್ದರು. ಎದುರಾಳಿಯ ಶಾಟ್ ತಡೆಯುವುದರಲ್ಲಿ ಅಷ್ಟು ಹೆಸರು ಮಾಡಿದವರಿಗೆ ಲೀಗ್‌ನ ಅಧಿಕೃತ ಪಟ್ಟಿಯಲ್ಲಿ ಒಂದು ಬ್ಲಾಕ್ ಕೂಡ ಇಲ್ಲ. ನಿಮ್ಮ ಪಟ್ಟಿಯಲ್ಲೂ ‘ದಾಖಲೆ ಇಲ್ಲ’ ಅನ್ನುವ ಖಾನೆ ಧಾರಾಳವಾಗಿರಲಿ. ಸೊನ್ನೆ ಬೇರೆ, ದಾಖಲೆ ಇಲ್ಲ ಅನ್ನೋದು ಬೇರೆ. ಪ್ರತಿ ಸೀಸನ್‌ಗೆ ‘ಇಷ್ಟು ಪಂದ್ಯ ನಡೆದವು, ಇಷ್ಟರ ಸ್ಕೋರ್‌ಶೀಟ್ ಸಿಕ್ಕಿದೆ’ ಅಂತ ಒಂದು ಸಾಲು ಹಾಕಿ.

ಬರೆಯಲು ಕೂತಾಗ

ಸೀಸನ್ ಸೀಸನ್ ಅಂತ ಒಂದೇ ಅಳತೆಯಲ್ಲಿ ಬರೆಯುತ್ತಾ ಹೋಗಬೇಡಿ, ಓದುವವರು ಮೂರನೇ ಸೀಸನ್‌ಗೆ ಪುಸ್ತಕ ಮುಚ್ಚುತ್ತಾರೆ. ಅಂಕಿ ಅಂಶ ಎಲ್ಲ ಕೊನೆಯ ಪಟ್ಟಿಗೆ ತಳ್ಳಿ. ಕಥೆಯನ್ನು ಕ್ಲಬ್ಬಿನ ಬದುಕು ಬದಲಾದ ಕಡೆ ಕತ್ತರಿಸಿ. ಸ್ಪಾನ್ಸರ್ ಬಂದಾಗ, ಹೋದಾಗ. ಕೋರ್ಟ್ ಬದಲಾದಾಗ. ಲೀಗ್ ಮುಚ್ಚಿದಾಗ. ಮೇಲಿನ ಡಿವಿಷನ್‌ಗೆ ಹೋಗಿ ಖರ್ಚು ತಡೆಯಲಾಗದೆ ಬಿದ್ದಾಗ.

ಕೋರ್ಟಿನ ಕಥೆಗೆ ಜಾಗ ಕೊಡಿ. ನ್ಯೂಯಾರ್ಕ್ ರೆನೆಸಾನ್ಸ್ ತಂಡವನ್ನು 1923ರಲ್ಲಿ ಬಾಬ್ ಡಗ್ಲಸ್ ಕಟ್ಟಿದಾಗ ಆಡಲು ಜಾಗ ಬೇಕಿತ್ತು. ಹಾರ್ಲೆಮ್‌ನ ರೆನೆಸಾನ್ಸ್ ಅನ್ನುವ ಡಾನ್ಸ್ ಹಾಲಿನವರ ಜೊತೆ ಮಾತಾಡಿದರು: ತಂಡಕ್ಕೆ ನಿಮ್ಮ ಹೆಸರಿಡುತ್ತೇವೆ, ನಮಗೆ ನೆಲ ಕೊಡಿ. ಪಂದ್ಯ ಮುಗಿದ ಮೇಲೆ ಅದೇ ನೆಲದಲ್ಲಿ ಜನ ಕುಣಿಯುತ್ತಿದ್ದರು. ಆ ತಂಡ 1939ರಲ್ಲಿ ಶಿಕಾಗೋದ ವಿಶ್ವ ವೃತ್ತಿಪರ ಟೂರ್ನಮೆಂಟ್ ಗೆದ್ದಿತು. ಹೆಸರು, ಬಾಡಿಗೆ, ಸಂಗೀತ, ಟಿಕೆಟ್, ಎಲ್ಲ ಒಂದೇ ಒಪ್ಪಂದದಲ್ಲಿ ಸೇರಿಕೊಂಡಿವೆ ನೋಡಿ. ನಿಮ್ಮ ಕ್ಲಬ್ ಆಡಿದ ಪ್ರತಿ ಹಾಲ್ ಯಾರದ್ದು, ಯಾವ ಮಾತಿನ ಮೇಲೆ ಸಿಕ್ಕಿತು, ಯಾಕೆ ತಪ್ಪಿತು ಅಂತ ಬರೆಯಿರಿ.

ಕೆಟ್ಟ ವರ್ಷಗಳನ್ನು ಹಾರಿಸಬೇಡಿ. ತಂಡ ಇಳಿಯದ ಸೀಸನ್ ಇದ್ದರೆ ಇಳಿಯಲಿಲ್ಲ ಅಂತಲೇ ಬರೆಯಿರಿ. ಯಾಕೆ ನಿಂತಿತು ಅನ್ನೋದಕ್ಕೆ ಒಂದೇ ಕಾರಣ ಕೊಡುವವರನ್ನು ಪೂರ್ತಿ ನಂಬಬೇಡಿ. ಗ್ರ್ಯಾಡ್ಸ್ ತಂಡ ನಿಂತದ್ದು ಯುದ್ಧದಿಂದ ಅಂತ ಸುಲಭವಾಗಿ ಹೇಳಿಬಿಡಬಹುದು, ವಾಯುಪಡೆ ಅವರ ಅರೀನಾ ತೆಗೆದುಕೊಂಡದ್ದು ನಿಜ. ಆದರೆ ಅಷ್ಟರಲ್ಲಿ ಪ್ರೇಕ್ಷಕರೂ ಕಡಿಮೆಯಾಗುತ್ತಿದ್ದರು. ನಿಮ್ಮ ಕ್ಲಬ್ಬಿನಲ್ಲೂ ‘ಕೋಚ್ ಜಗಳ ಮಾಡಿ ಹೋದರು, ತಂಡ ಮುರಿಯಿತು’ ಅನ್ನುವ ಕಥೆಯ ಹಿಂದೆ ಕಟ್ಟದ ಬಾಡಿಗೆ ಇರಬಹುದು. ಜಗಳ ಇದ್ದರೆ ಇಬ್ಬರ ಮಾತೂ ಹಾಕಿ, ತೀರ್ಪು ಕೊಡುವ ಅವಸರ ಬೇಡ.

ಕರಡು ಮುಗಿದ ಮೇಲೆ ಮೂವರಿಗೆ ಓದಲು ಕೊಡಿ: ಹಳೆಯ ಆಟಗಾರರೊಬ್ಬರು, ಹಳೆಯ ಖಜಾಂಚಿ, ಮತ್ತು ಎದುರಾಳಿ ಕ್ಲಬ್ಬಿನ ಒಬ್ಬರು. ಮೂರನೆಯವರನ್ನು ಬಿಡಬೇಡಿ, ನಿಮ್ಮ ಕಡೆಯವರು ಪ್ರೀತಿಯಿಂದ ದೊಡ್ಡದು ಮಾಡಿದ ಗೆಲುವುಗಳನ್ನು ಅವರು ಸರಿಯಾದ ಅಳತೆಗೆ ತರುತ್ತಾರೆ. ಮೊದಲು ಕಡಿಮೆ ಪ್ರತಿ ಮುದ್ರಿಸಿ. ಪುಸ್ತಕ ಕೈಗೆ ಬಂದ ವಾರದಲ್ಲೇ ಯಾರಾದರೂ ಫೋನ್ ಮಾಡಿ ಆ ಫೋಟೋದಲ್ಲಿರುವವರು ನಮ್ಮ ಅಣ್ಣ, ಹೆಸರು ತಪ್ಪಾಗಿದೆ ಅನ್ನುತ್ತಾರೆ, ಜೊತೆಗೆ ಹೊಸ ಫೋಟೋಗಳನ್ನೂ ತರುತ್ತಾರೆ.

ಸ್ಕ್ಯಾನ್ ಮಾಡಿದ ಫೈಲ್‌ಗಳಿಗೆ ದಿನಾಂಕ ಮೊದಲು ಬರುವ ಹಾಗೆ ಹೆಸರಿಡಿ, ವರ್ಷ, ತಿಂಗಳು, ದಿನ, ಆಮೇಲೆ ಎದುರಾಳಿ, ಆಗ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸುತ್ತದೆ. ಫೋಟೋದ ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ಎಲ್ಲದರ ನಕಲು ಕನಿಷ್ಠ ಮೂರು ಕಡೆ ಇರಲಿ, ಅದರಲ್ಲಿ ಒಂದು ಕ್ಲಬ್ಬಿನ ಹೊರಗೆ, ಗ್ರಂಥಾಲಯದಲ್ಲಾದರೂ ಸರಿ. ಮೂಲ ಹಾಳೆಗಳನ್ನು ಕೊಟ್ಟವರಿಗೆ ವಾಪಸ್ ಕೊಡುವಾಗ ಸ್ಟೇಪಲ್ ಪಿನ್ ತೆಗೆದು ಕೊಡಿ, ತುಕ್ಕು ಹಿಡಿದು ಕಾಗದ ತಿನ್ನುತ್ತದೆ.